ನಾಳೆ ಬಾ

(ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಎಂ.ಕಾಂ. ವಿದ್ಯಾರ್ಥಿಯೊಬ್ಬರು ಆಡಿದ ಮಾತು. ಮಾತಿನ ಧಾಟಿಯನ್ನು ತಿದ್ದದೆ ಕೊಟ್ಟಿದ್ದೇವೆ. - ಸಂ.)



ಈ ಬೇಸಿಗೆಯಲ್ಲಿ ಆರು ವಾರ ನಾನು ಒಂದು ಬ್ಯಾಂಕಿನ ಶಾಖೆಯಲ್ಲಿ ತರಬೇತಿಗೆ ಇದ್ದೆ. ಇದಕ್ಕೆ ಈಗ ಎಲ್ಲರೂ ಇಂಟರ್ನ್‌ಶಿಪ್ ಅಂತಾರೆ. ಬ್ಯಾಂಕಿನ ಹೆಸರು ಹೇಳುವುದಿಲ್ಲ. ಹೆಸರು ಹೇಳಿದರೆ ನೀವು ಆ ಒಂದು ಬ್ಯಾಂಕನ್ನು ಬಯ್ದು ಎದ್ದು ಹೋಗುತ್ತೀರಿ. ಸರ್ಕಾರದ ಬ್ಯಾಂಕು, ತುಮಕೂರು ಸೀಮೆಯ ಒಂದು ಹೋಬಳಿ ಊರು, ಶಾಖೆಯಲ್ಲಿ ಏಳು ಜನ ನೌಕರರು. ಇಷ್ಟು ಗೊತ್ತಿದ್ದರೆ ಸಾಕು.

ನಾನು ಹೇಳಬೇಕಾಗಿರೋದು ಒಂದೇ ಮಾತು. ಬ್ಯಾಂಕು ನಮ್ಮ ಜನಕ್ಕೆ 'ಇಲ್ಲ' ಅನ್ನುವುದಿಲ್ಲ. 'ನಾಳೆ ಬಾ' ಅನ್ನುತ್ತದೆ. 'ಇಲ್ಲ' ಅನ್ನಬೇಕಾದರೆ ಕಾಗದ ಬೇಕು, ಕಾರಣ ಬೇಕು, ಸಹಿ ಬೇಕು. 'ನಾಳೆ ಬಾ' ಅನ್ನುವುದಕ್ಕೆ ಬಾಯಿ ಒಂದಿದ್ದರೆ ಸಾಕು. ನಮ್ಮ ಜನ ಕಳೆದುಕೊಂಡಿರೋದೆಲ್ಲ ಈ ಎರಡು ಮಾತಿನ ನಡುವಿನ ಸಂದಿಯಲ್ಲಿ.

ನಿಮ್ಮ ಅವ್ವ ಅಪ್ಪನನ್ನು ಕೇಳಿ ನೋಡಿ. ಹಿಂದೆ ಹಳ್ಳಿಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರಹ ನೋಡಿ ಹಿಂದಕ್ಕೆ ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದೇ ಬರಹ ನೋಡುತ್ತದೆ ಅಂತ ನಂಬಿಕೆ. ಪಾಪ, ಆ ದೆವ್ವಕ್ಕೆ ಓದು ಬರುತ್ತಿತ್ತು, ಪ್ರಶ್ನೆ ಕೇಳಲು ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಓದುವ ನಾವು ಆ ದೆವ್ವದ ಹಾಗೆ ಆಗಬಾರದು. ಅದಕ್ಕೇ ಈ ಮಾತು.

ಮೊದಲು ತಲೆ ಮೇಲೆ ಸೂರು

ಬ್ಯಾಂಕಿನ ಬಾಗಿಲಿಗೆ ಹೋಗುವ ಮೊದಲು ಇನ್ನೊಂದು ಬಾಗಿಲಿನ ವಿಚಾರ ಹೇಳಬೇಕು. ಇಂಟರ್ನ್‌ಶಿಪ್ ಬರುವುದು ಬೇಸಿಗೆ ರಜೆಯಲ್ಲಿ. ಬೇಸಿಗೆ ರಜೆಯಲ್ಲಿ ನಮ್ಮ ಹಾಸ್ಟೆಲಿನ ಅಡುಗೆಮನೆಗೆ ಬೀಗ. ತರಬೇತಿಗೆ ಸಂಬಳ ಇಲ್ಲ, ಬಸ್ ಚಾರ್ಜು ಇಲ್ಲ. ಕಾಲೇಜಿನವರು ಕೊಡುವುದು ಒಂದು ಪತ್ರ, ಬ್ಯಾಂಕಿನವರು ಕೊನೆಗೆ ಕೊಡುವುದು ಒಂದು ಸರ್ಟಿಫಿಕೇಟು. ನಡುವಿನ ಆರು ವಾರ ಎಲ್ಲಿ ಮಲಗಬೇಕು, ಏನು ತಿನ್ನಬೇಕು ಅನ್ನುವ ಪ್ರಶ್ನೆ ಯಾರ ಪಠ್ಯಕ್ರಮದಲ್ಲೂ ಇಲ್ಲ. ನನ್ನ ತರಗತಿಯ ಅನುಕೂಲಸ್ಥರ ಮಕ್ಕಳು ಬೆಂಗಳೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ದೊಡ್ಡ ದೊಡ್ಡ ಕಂಪನಿಗೆ ಹೋದರು. ನಮ್ಮ ಚಿಕ್ಕಪ್ಪಂದಿರು ಬೆಂಗಳೂರಿನಲ್ಲಿ ಇರುವುದು ಕಟ್ಟಡ ಕಟ್ಟುವ ಜಾಗದ ತಗಡಿನ ಶೆಡ್ಡಿನಲ್ಲಿ.

ಆ ಹೋಬಳಿ ಊರಿನಲ್ಲಿ ರೂಮು ಹುಡುಕಿದೆ. ಮೊದಲ ಮನೆಯವರು ಬಾಡಿಗೆ ಎಷ್ಟು ಅಂತ ಹೇಳಿದರು, ನೀರಿನ ವಿಚಾರ ಹೇಳಿದರು, ಆಮೇಲೆ 'ನೀವು ಯಾವ ಪೈಕಿ?' ಅಂದರು. ಹೇಳಿದೆ. 'ನಮ್ಮ ಯಜಮಾನರನ್ನ ಕೇಳಿ ಹೇಳ್ತೀವಿ, ನಾಳೆ ಬನ್ನಿ' ಅಂದರು. ಎರಡನೇ ಮನೆಯಲ್ಲೂ ಅದೇ. ಮೂರನೆಯದಕ್ಕೆ ಹೋಗಲಿಲ್ಲ. ಹತ್ತು ಕಿಲೋಮೀಟರ್ ದೂರದ ನಮ್ಮ ನೆಂಟರ ಕೇರಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದೆ.

ಇದು ಹೊಸದೇನಲ್ಲ. 1917ರಲ್ಲಿ ಬಾಬಾಸಾಹೇಬರು ಅಮೆರಿಕದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಇರಲು ಮನೆ ಸಿಗಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಇಟ್ಟುಕೊಂಡು ಉಳಿದರು. ಗೊತ್ತಾದ ಮೇಲೆ ಜನ ದೊಣ್ಣೆ ಹಿಡಿದು ಬಂದು ಖಾಲಿ ಮಾಡಿಸಿದರು. ಇದನ್ನು ಅವರೇ ಬರೆದಿದ್ದಾರೆ. ನೂರು ವರ್ಷದಲ್ಲಿ ದೊಣ್ಣೆ ಹೋಗಿದೆ, 'ನಾಳೆ ಬನ್ನಿ' ಬಂದಿದೆ. ಇದನ್ನು ಪ್ರಗತಿ ಅನ್ನಬೇಕೋ ಬೇಡವೋ ನೀವೇ ಯೋಚನೆ ಮಾಡಿ.

ಕೌಂಟರು ಮತ್ತು ಕುರ್ಚಿ

ಶಾಖೆಯೊಳಗೆ ಎರಡು ಜಾಗ ಇವೆ. ಒಂದು ಕೌಂಟರು, ಇನ್ನೊಂದು ಮ್ಯಾನೇಜರ ಮೇಜಿನ ಎದುರಿನ ಕುರ್ಚಿ. ದುಡ್ಡು ಕಟ್ಟುವವರು, ತೆಗೆಯುವವರು ಕೌಂಟರಿನಲ್ಲಿ ನಿಲ್ಲುತ್ತಾರೆ. ಸಾಲದ ಮಾತಾಡುವವರು ಕುರ್ಚಿಯಲ್ಲಿ ಕೂರುತ್ತಾರೆ.

ನನಗೆ ಮೊದಲು ಕೊಟ್ಟ ಕೆಲಸ ಪಾಸ್‌ಬುಕ್ ಮುದ್ರಿಸುವುದು, ಚಲನ್ ಬರೆದುಕೊಡುವುದು, ಹಳೇ ಖಾತೆಗಳಿಗೆ ಆಧಾರ್ ಜೆರಾಕ್ಸ್ ಲಗತ್ತಿಸುವುದು. ಆದ್ದರಿಂದ ಕೌಂಟರಿನ ಸಾಲು ನನಗೆ ಚೆನ್ನಾಗಿ ಗೊತ್ತು. ಆ ಸಾಲಿನ ತುಂಬ ನಮ್ಮವರೇ. ಉದ್ಯೋಗ ಖಾತ್ರಿ ಕೂಲಿ, ವೃದ್ಧಾಪ್ಯ ವೇತನ, ವಿಧವಾ ವೇತನ, ಗೃಹಲಕ್ಷ್ಮಿ ಹಣ, ನಮ್ಮ ನಿಮ್ಮ ಸ್ಕಾಲರ್‌ಶಿಪ್ಪು ಎಲ್ಲ ಈಗ ಬ್ಯಾಂಕಿಗೇ ಬರುತ್ತದೆ. 2014ರ ಆಗಸ್ಟಿನಲ್ಲಿ ಜನಧನ ಯೋಜನೆ ಬಂದ ಮೇಲೆ ಕೇರಿಯಲ್ಲಿ ಖಾತೆ ಇಲ್ಲದ ಮನೆ ಹುಡುಕುವುದು ಕಷ್ಟ. ಇದು ಸಣ್ಣ ಮಾತಲ್ಲ. ಮೊದಲು ಕೂಲಿ ದುಡ್ಡು ಮೇಸ್ತ್ರಿಯ ಕೈಯಿಂದ, ಪಟೇಲನ ಕೈಯಿಂದ ಸೋರಿ ಬರುತ್ತಿತ್ತು. ಈಗ ನೇರ ಬರುತ್ತದೆ.

ಆದರೆ ಆ ಸಾಲಿನಿಂದ ಎದ್ದು ಕುರ್ಚಿಯ ಕಡೆ ನೋಡಿದರೆ ಬೇರೆ ಲೋಕ. ಅಕ್ಕಿ ಗಿರಣಿಯವರು, ಗೊಬ್ಬರದ ಅಂಗಡಿಯವರು, ತೆಂಗಿನ ತೋಟದವರು, ಕಂಟ್ರಾಕ್ಟರುಗಳು. ಅವರು ಬಂದರೆ 'ಬನ್ನಿ ಬನ್ನಿ, ಕೂತ್ಕೊಳ್ಳಿ, ಏ ಕಾಫಿ ತಾರಪ್ಪ'. ಅದೇ ಹೊತ್ತಿಗೆ ಅವರ ತಂದೆಯ ವಯಸ್ಸಿನ ನಮ್ಮವರು ಬಾಗಿಲ ಹತ್ತಿರ ನಿಂತರೆ 'ಏನಯ್ಯ? ಅಲ್ಲೇ ಇರು'. ಕನ್ನಡದಲ್ಲಿ ಬಾ ಇದೆ, ಬನ್ನಿ ಇದೆ. ಯಾರಿಗೆ ಯಾವುದು ಅಂತ ಯಾವ ಸುತ್ತೋಲೆಯಲ್ಲೂ ಬರೆದಿಲ್ಲ. ಆದರೂ ಒಬ್ಬರೂ ತಪ್ಪುವುದಿಲ್ಲ.

ಈಗ ಬ್ಯಾಂಕಿನ ಒಳಗುಟ್ಟು ನೋಡಿ. ಬ್ಯಾಂಕು ಬಹುಪಾಲು ಸಾಲ ಕೊಡುವುದು ಜನ ಇಟ್ಟ ದುಡ್ಡಿನಿಂದ. ಉಳಿತಾಯ ಖಾತೆಯಲ್ಲಿರುವ ನೂರು ರೂಪಾಯಿಗೆ ವರ್ಷಕ್ಕೆ ಎರಡೂವರೆ, ಮೂರು ರೂಪಾಯಿ ಬಡ್ಡಿ ಕೊಡುತ್ತದೆ. ಅದೇ ನೂರನ್ನು ಒಂಬತ್ತಕ್ಕೋ ಹತ್ತಕ್ಕೋ ಹನ್ನೆರಡಕ್ಕೋ ಸಾಲ ಕೊಡುತ್ತದೆ. ಎರಡರ ನಡುವಿನದು ಬ್ಯಾಂಕಿನ ಬದುಕು. ಅಂದರೆ ಕೌಂಟರಿನಲ್ಲಿ ನಿಂತವರ ದುಡ್ಡು ಕುರ್ಚಿಯಲ್ಲಿ ಕೂತವರಿಗೆ ಹೋಗುತ್ತದೆ. ನಮ್ಮ ಮುದುಕಿಯರು ಖಾತೆಯಲ್ಲಿ ಬಿಟ್ಟ ಐನೂರು, ಸಾವಿರ ಒಟ್ಟಾಗಿ ಗಿರಣಿ ಆಗುತ್ತದೆ. ಆ ಗಿರಣಿಯಲ್ಲಿ ಆ ಮುದುಕಿಯ ಮೊಮ್ಮಗ ಮೂಟೆ ಹೊರುತ್ತಾನೆ. ನಮ್ಮ ಜನ ಬ್ಯಾಂಕಿನಿಂದ ದೂರ ಇದ್ದಾರೆ ಅಂತ ಭಾಷಣ ಮಾಡುವವರು ಇದನ್ನು ತಿಳಿಯಬೇಕು. ನಾವು ಬ್ಯಾಂಕಿನೊಳಗೇ ಇದ್ದೇವೆ. ಕೊಡುವ ಕಡೆ ಇದ್ದೇವೆ, ಪಡೆಯುವ ಕಡೆ ಇಲ್ಲ.

ಒರೆಗಲ್ಲು

ಶಾಖೆಯಲ್ಲಿ ಅತಿ ಬೇಗ ಸಿಗುವ ಸಾಲ ಒಡವೆ ಸಾಲ. ಅಕ್ಕಸಾಲಿ ಬಂದು ಒರೆಗಲ್ಲಿಗೆ ತಿಕ್ಕಿ ನೋಡುತ್ತಾನೆ, ತೂಕ ಹಾಕುತ್ತಾನೆ, ಒಂದು ಗಂಟೆಯೊಳಗೆ ದುಡ್ಡು. ಯಾವ ಜಾತಿ ಅಂತ ಯಾರೂ ಕೇಳುವುದಿಲ್ಲ. ಇದನ್ನು ತೋರಿಸಿ ಒಬ್ಬ ಅಧಿಕಾರಿ ನನಗೆ ಹೇಳಿದರು: 'ನೋಡಪ್ಪ, ಬ್ಯಾಂಕಲ್ಲಿ ಜಾತಿಗೀತಿ ಏನಿಲ್ಲ. ಸೆಕ್ಯೂರಿಟಿ ಇದ್ರೆ ಸಾಲ.'

ಒರೆಗಲ್ಲಿಗೆ ಜಾತಿ ಗೊತ್ತಿಲ್ಲ, ನಿಜ. ಆದರೆ ಚಿನ್ನ ಯಾರ ಮನೆಯಲ್ಲಿದೆ ಅನ್ನೋದು ಜಾತಿಗೆ ಗೊತ್ತು. ಭೂಮಿ ಯಾರ ಹೆಸರಲ್ಲಿದೆ, ಜಾಮೀನು ಹಾಕುವ ನೌಕರಿಯ ನೆಂಟ ಯಾರಿಗಿದ್ದಾನೆ ಅನ್ನೋದೂ ಗೊತ್ತು. ನಮ್ಮ ಅಕ್ಕಂದಿರ ಕೊರಳಲ್ಲಿ ಇರೋದು ಎರಡು ತಾಳಿ ಗುಂಡು. ಅದನ್ನೂ ಒರೆಗಲ್ಲಿಗೆ ಇಟ್ಟರೆ ಉಳಿಯೋದು ಅರಿಶಿನದ ದಾರ.

ಒಂದು ಅರ್ಜಿಯ ಕತೆ

ಮೂರನೇ ವಾರ. ಪಕ್ಕದ ಊರಿನ ಕೇರಿಯ ಹಿರಿಯರೊಬ್ಬರು ಎರಡು ಹಸು ತೆಗೆಯಲು ಸಾಲ ಕೇಳಲು ಬರುತ್ತಿದ್ದರು. ಸರ್ಕಾರ ಮಂಜೂರು ಮಾಡಿದ ಎರಡು ಎಕರೆ ಜಮೀನಿದೆ, ಹಾಲಿನ ಡೇರಿಗೆ ಹಾಲು ಹಾಕಿದ ಚೀಟಿಗಳಿವೆ, ಒಂದು ಹಸು ಆಗಲೇ ಇದೆ. ನಾನಿದ್ದ ಹಾಗೆಯೇ ನಾಲ್ಕು ಸಲ ಬಂದರು. ಮೊದಲ ಸಲ ಮ್ಯಾನೇಜರು ಇಲ್ಲ, ನಾಳೆ ಬಾ. ಎರಡನೇ ಸಲ ಸರ್ವರ್ ಡೌನು, ನಾಳೆ ಬಾ. ಮೂರನೇ ಸಲ ಮಾರ್ಚಿ ಲೆಕ್ಕ ಇನ್ನೂ ಮುಗಿದಿಲ್ಲ, ಬರುವ ವಾರ ಬಾ. ನಾಲ್ಕನೇ ಸಲ ಫೀಲ್ಡ್ ಆಫೀಸರು ಕಾಗದ ನೋಡಿ, 'ಇದು ಮಂಜೂರಾತಿ ಜಮೀನು. ಅಡವು ಹಾಕೋಕೆ ಬರಲ್ಲ. ಕಾನೂನೇ ಇಲ್ಲ' ಅಂದರು.

ಆ ಹಿರಿಯರು ಹೊರಗೆ ಬಂದು ಕಟ್ಟೆ ಮೇಲೆ ಕೂತರು. ನಾನು ನೀರು ಕೊಟ್ಟೆ. 'ಯಾವೂರಪ್ಪ ನೀನು?' ಅಂದರು. ಹೇಳಿದೆ. ಗುರುತು ಹತ್ತಿತು. 'ಹಂಗಾದ್ರೆ ನಮ್ಮ ಹುಡುಗನೇ' ಅಂದರು. ಆಮೇಲೆ ಕೇಳಿದರು: 'ಅಲ್ಲ ಮಗಾ, ಇಲ್ಲ ಅಂದ್ಬುಟ್ರೆ ನಾನು ಬ್ಯಾರೆ ದಾರಿ ನೋಡ್ಕೊತಿದ್ದೆ. ದಿನಾ ಬಾ ಅಂತಾರಲ್ಲ, ಕೂಲಿ ಕೆಟ್ಟೋಯ್ತದೆ. ಇದ್ಯಾವ ನ್ಯಾಯ?'

ಶಾಖೆಯಲ್ಲಿ ನಮ್ಮ ಸಮುದಾಯದ ಗುಮಾಸ್ತರೊಬ್ಬರು ಇದ್ದರು. ಮಾತು ಕಡಿಮೆ. ಮಧ್ಯಾಹ್ನ ಊಟಕ್ಕೆ ಒಬ್ಬರೇ ಕೂರುವವರು. ಅವತ್ತು ಸಾಯಂಕಾಲ ಅವರ ಹತ್ತಿರ ಕೇಳಿದೆ. ಅವರು ಏನೂ ಹೇಳದೆ ಕಂಪ್ಯೂಟರಿನಲ್ಲಿ ರಿಸರ್ವ್ ಬ್ಯಾಂಕಿನ ಒಂದು ಸುತ್ತೋಲೆ ತೆಗೆದು, 'ಓದು, ನಿನಗೆ ಇಂಗ್ಲಿಷ್ ಬರ್ತದಲ್ಲ' ಅಂತ ಎದ್ದು ಹೋದರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಡಬೇಕಾದ ಸಾಲದ ಬಗ್ಗೆ ಇರುವ ಸುತ್ತೋಲೆ ಅದು. ಅದರಲ್ಲಿರುವುದನ್ನು ಪ್ರತಿಯೊಬ್ಬ ಹಾಸ್ಟೆಲ್ ವಿದ್ಯಾರ್ಥಿ ಬಾಯಿಪಾಠ ಮಾಡಬೇಕು: ಪರಿಶಿಷ್ಟ ಜಾತಿ ಪಂಗಡದವರ ಸಾಲದ ಅರ್ಜಿಯನ್ನು ಶಾಖೆಯ ಮಟ್ಟದಲ್ಲಿ ತಿರಸ್ಕರಿಸಬಾರದು. ತಿರಸ್ಕರಿಸುವುದಾದರೆ ಮೇಲಿನ ಕಚೇರಿ ಮಾಡಬೇಕು, ಕಾರಣವನ್ನು ಸ್ಪಷ್ಟವಾಗಿ ಬರೆಯಬೇಕು.

ಈಗ ನಿಮಗೆ 'ನಾಳೆ ಬಾ'ದ ಗುಟ್ಟು ಹೊಳೆದಿರಬೇಕು. ಅರ್ಜಿ ತಿರಸ್ಕರಿಸುವ ಅಧಿಕಾರ ಶಾಖೆಗೆ ಇಲ್ಲ. ಹಾಗಾದರೆ ಏನು ಮಾಡಬೇಕು? ಅರ್ಜಿಯನ್ನೇ ತೆಗೆದುಕೊಳ್ಳಬಾರದು. ಹುಟ್ಟದ ಮಗುವಿಗೆ ಸಾವಿನ ಸರ್ಟಿಫಿಕೇಟು ಬೇಕಿಲ್ಲ. ಲೆಕ್ಕಕ್ಕೇ ಬಾರದ ಅರ್ಜಿಗೆ ಕಾರಣ ಬರೆಯಬೇಕಿಲ್ಲ. ನಮ್ಮನ್ನು ಕಾಪಾಡಲು ಬರೆದ ನಿಯಮವನ್ನು ಮುರಿಯುವುದಿಲ್ಲ. ಅದು ಕಾಲಿಡುವ ಜಾಗಕ್ಕೆ ನಮ್ಮನ್ನು ಬಿಡುವುದೇ ಇಲ್ಲ. ಮೇಲಿನ ಕಚೇರಿಯ ವರದಿಯಲ್ಲಿ 'ತಿರಸ್ಕೃತ ಅರ್ಜಿ: ಇಲ್ಲ' ಅಂತ ಚೊಕ್ಕವಾಗಿ ಕಾಣುತ್ತದೆ.

ಜಮೀನಿನ ಮಾತು ಏನು? ಮಂಜೂರಾತಿ ಜಮೀನನ್ನು ನಮ್ಮವರಿಂದ ಬೇರೆಯವರು ಲಪಟಾಯಿಸದಿರಲಿ ಅಂತ ಕರ್ನಾಟಕದಲ್ಲಿ ಒಂದು ಕಾನೂನಿದೆ. ಜನ ಅದನ್ನು ಪಿ.ಟಿ.ಸಿ.ಎಲ್. ಕಾಯ್ದೆ ಅಂತಾರೆ. 1978ರದ್ದು, ದೇವರಾಜ ಅರಸರ ಕಾಲದಲ್ಲಿ ರೂಪಗೊಂಡದ್ದು. ಫೀಲ್ಡ್ ಆಫೀಸರು ಹೇಳಿದ ಕಾನೂನು ಅದೇ. ಆದರೆ ಅದರ ಏಳನೇ ಕಲಮು ಸರ್ಕಾರಕ್ಕೆ ಮತ್ತು ಬ್ಯಾಂಕಿಗೆ ವಿನಾಯಿತಿ ಕೊಟ್ಟಿದೆ. ನಮ್ಮ ಭೂಮಿಯನ್ನು ಕಾಯಲು ಮಾಡಿದ ಕಾನೂನನ್ನು ನಮಗೆ ಸಾಲ ತಪ್ಪಿಸಲು ಬಳಸುತ್ತಾರೆ ಅಂದರೆ ಎಂಥ ಜಾಣತನ ನೋಡಿ. ಅದೂ ಬೇಡ. ಈ ಸಾಲಕ್ಕೆ ಅಡವೇ ಬೇಕಿರಲಿಲ್ಲ. ಕೃಷಿ ಮತ್ತು ಹೈನುಗಾರಿಕೆಯಂಥ ಕಸುಬಿನ ಸಾಲಕ್ಕೆ 2 ಲಕ್ಷ ರೂಪಾಯಿಯ ತನಕ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ಆದೇಶ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅದಕ್ಕೆ ಮುಂಚೆ ಈ ಮಿತಿ 1 ಲಕ್ಷ 60 ಸಾವಿರ ಇತ್ತು. ಅವರು ಕೇಳಿದ್ದು ಅದರೊಳಗಿನ ಮೊತ್ತ.

ಮಾರನೇ ದಿನ ಆ ಹಿರಿಯರನ್ನು ಬರಹೇಳಿ ಕೂತು ಅರ್ಜಿ ಬರೆದೆ. ಎರಡು ಪ್ರತಿ. ಒಂದು ಬ್ಯಾಂಕಿಗೆ, ಇನ್ನೊಂದಕ್ಕೆ ಸೀಲು ಮತ್ತು ತಾರೀಕು ಬೇಕು ಅಂತ ಅವರಿಂದಲೇ ಕೇಳಿಸಿದೆ. ಫೀಲ್ಡ್ ಆಫೀಸರು ನನ್ನ ಮುಖ ನೋಡಿದರು. ಮ್ಯಾನೇಜರು ಒಳಗೆ ಕರೆದರು. 'ನೀನು ಇಲ್ಲಿಗೆ ಕಲಿಯೋಕೆ ಬಂದಿದೀಯೋ, ಸಂಘ ಕಟ್ಟೋಕೆ ಬಂದಿದೀಯೋ? ನಿನ್ನ ಸರ್ಟಿಫಿಕೇಟಿಗೆ ಸಹಿ ಹಾಕೋನು ನಾನು, ಜ್ಞಾಪಕ ಇರಲಿ.' ನಾನು ಹೇಳಿದೆ: 'ಸಾರ್, ಅರ್ಜಿ ಹೇಗೆ ಸ್ವೀಕರಿಸಬೇಕು ಅನ್ನೋದನ್ನೇ ಕಲೀತಿದೀನಿ. ಸುತ್ತೋಲೆಯಲ್ಲಿ ಹೀಗಿದೆ.' ಮುದ್ರಿಸಿದ ಹಾಳೆ ಮೇಜಿನ ಮೇಲಿಟ್ಟೆ. ಅವರು ಓದಲಿಲ್ಲ. ಅದು ಅವರಿಗೆ ಮೊದಲೇ ಗೊತ್ತಿತ್ತು. ನಮಗೆ ಗೊತ್ತಿದೆ ಅನ್ನೋದು ಮಾತ್ರ ಅವರಿಗೆ ಹೊಸದು.

ಸೀಲು ಬಿತ್ತು. ನಂಬರು ಬಿತ್ತು.

ಸಾಲ ಬಂತಾ ಅಂತ ಕೇಳುತ್ತೀರಿ. ಇನ್ನೂ ಬಂದಿಲ್ಲ. ಅರ್ಜಿ ಮೇಲಿನ ಕಚೇರಿಯಲ್ಲಿದೆ. ಇಲ್ಲಿ ನಿಂತು ಸಿನಿಮಾ ಕತೆ ಹೇಳಲಾರೆ. ಆದರೆ ಈಗ ಅವರು ಬ್ಯಾಂಕಿಗೆ ಹೋದರೆ 'ನಾಳೆ ಬಾ' ಅನ್ನುವುದು ಕಷ್ಟ. ನಂಬರು ಹೇಳಿ ಕೇಳುತ್ತಾರೆ. ಸಾಲ ಕೊಡಬೇಕು, ಇಲ್ಲವೇ ಬರೆದು ಕೊಡಬೇಕು. ಎರಡರಲ್ಲಿ ಒಂದು ಆಗಲೇಬೇಕು.

ಅದೇ ದುಡ್ಡು, ಬೇರೆ ದಾರಿ

'ನಾಳೆ ಬಾ' ಅಂದಾಗ ಜನ ಸುಮ್ಮನೆ ಮನೆಗೆ ಹೋಗುವುದಿಲ್ಲ. ಮಗಳ ಮದುವೆ, ಗಂಡನ ಆಪರೇಷನ್ನು, ಮಗನ ಕಾಲೇಜು ಫೀಸು ನಾಳೆಯ ತನಕ ಕಾಯುವುದಿಲ್ಲ. ಹಿಂದೆ ಸಾಹುಕಾರನ ಹತ್ತಿರ ಹೋಗಿ ಜೀತಕ್ಕೆ ಬೀಳುತ್ತಿದ್ದರು. ಜೀತವನ್ನು 1976ರ ಕಾನೂನು ರದ್ದು ಮಾಡಿತು. ಅದೇ ವರ್ಷ ಕರ್ನಾಟಕದಲ್ಲಿ ಋಣ ಪರಿಹಾರ ಕಾಯ್ದೆಯೂ ಬಂತು. ಈಗ ಕೇರಿಗೇ ಬರುವವರು ಮೈಕ್ರೋ ಫೈನಾನ್ಸಿನವರು. ಮೋಟಾರ್ ಸೈಕಲಿನಲ್ಲಿ ಬರುತ್ತಾರೆ, ನಗುತ್ತಾ 'ಅಕ್ಕಾ' ಅನ್ನುತ್ತಾರೆ, ಅಡವು ಕೇಳುವುದಿಲ್ಲ, ಹತ್ತು ಹೆಂಗಸರನ್ನು ಒಬ್ಬರಿಗೊಬ್ಬರು ಜಾಮೀನು ನಿಲ್ಲಿಸುತ್ತಾರೆ. ಬಡ್ಡಿ ನೂರಕ್ಕೆ ಇಪ್ಪತ್ತರ ಮೇಲೆ. ವಾರದ ಕಂತು ತಪ್ಪಿದರೆ ಆ 'ಅಕ್ಕಾ' ಮಾಯ.

ಆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನಾನು ಆ ಗುಮಾಸ್ತರನ್ನು ಕೇಳಿದೆ. ಅವರು ಅಪರೂಪಕ್ಕೆ ನಕ್ಕರು. ಹೆಚ್ಚಿನ ಪಾಲು ಬ್ಯಾಂಕುಗಳಿಂದಲೇ! ಬ್ಯಾಂಕುಗಳು ಒಟ್ಟು ಸಾಲದಲ್ಲಿ ನೂರಕ್ಕೆ 40ರಷ್ಟನ್ನು ಆದ್ಯತಾ ವಲಯಕ್ಕೆ ಕೊಡಬೇಕು, ಒಟ್ಟು ಸಾಲದ ನೂರಕ್ಕೆ 12ರಷ್ಟು ದುರ್ಬಲ ವರ್ಗಗಳಿಗೆ ಮುಟ್ಟಬೇಕು ಅಂತ ನಿಯಮ. ನೇರ ಕೊಡಲು ಕಷ್ಟವಾದರೆ ಮೈಕ್ರೋ ಫೈನಾನ್ಸ್ ಕಂಪನಿಗೆ ಕೊಟ್ಟು, ಅದು ಬಡವರಿಗೆ ಕೊಟ್ಟರೂ ಬ್ಯಾಂಕಿನ ಲೆಕ್ಕಕ್ಕೆ ಜಮಾ. ಅಂದರೆ ಏನಾಯಿತು? ಕೌಂಟರಿನಲ್ಲಿ ಅವ್ವ ಇಟ್ಟ ದುಡ್ಡು ಬ್ಯಾಂಕಿನಿಂದ ಕಂಪನಿಗೆ, ಕಂಪನಿಯಿಂದ ಮತ್ತೆ ಅವ್ವನ ಕೈಗೆ. ಇಟ್ಟಾಗ ಮೂರರ ಬಡ್ಡಿ, ಪಡೆದಾಗ ಇಪ್ಪತ್ತನಾಲ್ಕರ ಬಡ್ಡಿ. ಬ್ಯಾಂಕಿನ ವರದಿಯಲ್ಲಿ ದುರ್ಬಲ ವರ್ಗಕ್ಕೆ ಸೇವೆ.

ಈ ಕಿರುಕುಳಕ್ಕೆ ಎಷ್ಟೋ ಮನೆಗಳು ಊರು ಬಿಟ್ಟವು, ಜೀವಗಳು ಹೋದವು. ಅದಕ್ಕೇ 2025ರಲ್ಲಿ ಕರ್ನಾಟಕ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಕಾನೂನು ಮಾಡಬೇಕಾಯಿತು. ಕಾನೂನು ಬಂದದ್ದು ಒಳ್ಳೆಯದು. ಆದರೆ ಜನರನ್ನು ಆ ಬಾಗಿಲಿಗೆ ತಳ್ಳಿದ 'ನಾಳೆ ಬಾ'ಗೆ ಯಾವ ಕಾನೂನೂ ಶಿಕ್ಷೆ ಕೊಡಲಿಲ್ಲ.

ವಸೂಲಿಗೆ ನಮ್ಮ ಭಾಷೆ

ಐದನೇ ವಾರ ಮ್ಯಾನೇಜರು ನನ್ನನ್ನು ಕರೆದು, 'ಒಂದು ಕೇರಿಗೆ ನೋಟೀಸು ಕೊಡೋದಿದೆ. ಫೀಲ್ಡ್ ಆಫೀಸರ ಜೊತೆ ನೀನೂ ಹೋಗು. ನಿಮ್ಮ ಜನ, ನಿನ್ನ ಮಾತು ಕೇಳ್ತಾರೆ' ಅಂದರು. ಸಾಲ ಕೊಡುವಾಗ ಬೇಡವಾಗಿದ್ದ 'ನಿಮ್ಮ ಜನ' ವಸೂಲಿಗೆ ಬೇಕಾಯಿತು. ನಾನು ಹೋದೆ. ಆದರೆ ಅಲ್ಲಿ ಏನಿದೆ ನೋಡಬೇಕು ಅಂತ ಹೋದೆ.

ಅಲ್ಲಿ ಕಂಡದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಮೂರು ಮನೆಯಲ್ಲಿ ಕುರಿ ಸಾಲ. ಸಬ್ಸಿಡಿ ಕೊಡಿಸುತ್ತೇನೆ ಅಂತ ಬಂದ ದಲ್ಲಾಳಿ ಅರ್ಧ ತಿಂದಿದ್ದ. ಕುರಿ ಬಂದಿರಲಿಲ್ಲ, ಕುರಿಯ ಜೊತೆ ತೆಗೆಸಿದ ಫೋಟೋ ಬಂದಿತ್ತು. ನಾಲ್ಕನೇ ಮನೆಯವರು, 'ಸಾಲ ಮನ್ನಾ ಆಯ್ತದೆ, ಕಟ್ಬ್ಯಾಡಿ ಅಂದ್ರು' ಅಂದರು. ಯಾರು ಅಂದದ್ದು? ಎಲೆಕ್ಷನ್ನಿಗೆ ಬಂದವರು. ಅವರ ಮಾತು ನಂಬಿ ಕೂತರೆ ಸಾಲಗಾರನ ಹೆಸರು ಕೆಡುತ್ತದೆ, ಆಮೇಲೆ ಅದೇ ಕೇರಿಯ ಪ್ರಾಮಾಣಿಕನಿಗೂ 'ನಿಮ್ಮ ಜನ ಕಟ್ಟಲ್ಲ' ಅಂತ ಮುಖಕ್ಕೆ ಹೊಡೆಯುತ್ತಾರೆ. ತೆಗೆದುಕೊಂಡ ಸಾಲ ಕಟ್ಟಬೇಕು. ತಿಂದ ದಲ್ಲಾಳಿಯ ಮೇಲೆ ದೂರು ಕೊಡಬೇಕು. ಈ ಎರಡನ್ನೂ ನಾವು ನಮ್ಮ ಕೇರಿಯಲ್ಲಿ ಧೈರ್ಯವಾಗಿ ಹೇಳಬೇಕು.

ಅದೇ ವಾರ ಒಬ್ಬ ದೊಡ್ಡ ಸಾಲಗಾರರು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಒಂದೇ ಕಂತಿನ ರಾಜಿ ಮಾತಾಡಿದರು. ಬಡ್ಡಿ ಬಿಡಬೇಕು, ಅಸಲಿನಲ್ಲೂ ಒಂದಷ್ಟು ಬಿಡಬೇಕು ಅಂತ. ಅವರು ಕಟ್ಟದೆ ಹೋದಾಗ 'ನಿಮ್ಮ ಜನ ಕಟ್ಟಲ್ಲ' ಅಂತ ಅವರ ಜಾತಿಯನ್ನು ಯಾರೂ ಎತ್ತಲಿಲ್ಲ. ಅವರದು ಬಿಸಿನೆಸ್ ಲಾಸು. ನಮ್ಮದು ಜಾತಿ ಗುಣ.

ಬ್ಯಾಂಕು ಯಾರದು

1969ರ ಜುಲೈ 19ರಂದು 14 ದೊಡ್ಡ ಬ್ಯಾಂಕುಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ಅದರಲ್ಲಿದ್ದವು. 1980ರಲ್ಲಿ ಇನ್ನೂ 6 ಬ್ಯಾಂಕು, ಅದರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ. 1975ರಲ್ಲಿ ಗ್ರಾಮೀಣ ಬ್ಯಾಂಕುಗಳು ಶುರುವಾದವು. ಬ್ಯಾಂಕು ಹಳ್ಳಿಗೆ ಬಂದದ್ದು, ಬ್ಯಾಂಕಿನ ಕೆಲಸದಲ್ಲಿ ಮೀಸಲಾತಿ ಬಂದದ್ದು, ನಮ್ಮ ಗುಮಾಸ್ತರಂಥವರು ಕೌಂಟರಿನ ಆಚೆ ಬದಿಗೆ ಹೋದದ್ದು ಆ ದಾರಿಯಿಂದ. ಈಚೆಗೆ ಬ್ಯಾಂಕುಗಳನ್ನು ಒಂದರೊಳಗೊಂದು ಸೇರಿಸಿದರು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಹೆಸರುಗಳು ಇಲ್ಲವಾದವು. ಬೋರ್ಡು ಬದಲಾದರೂ ಸರ್ಕಾರದ ಬ್ಯಾಂಕು ಜನರದ್ದು ಅನ್ನುವ ಮಾತು ಬದಲಾಗಿಲ್ಲ. ಅದನ್ನು ಕೇಳುವವರು ಕಡಿಮೆಯಾಗಿದ್ದಾರೆ, ಅಷ್ಟೆ.

2016ರಲ್ಲಿ ಸ್ಟ್ಯಾಂಡ್ ಅಪ್ ಇಂಡಿಯಾ ಅಂತ ಒಂದು ಯೋಜನೆ ಬಂತು. ಪ್ರತಿ ಶಾಖೆಯೂ ಕನಿಷ್ಠ ಒಬ್ಬ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ, ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿ ತನಕ ಹೊಸ ಉದ್ಯಮಕ್ಕೆ ಸಾಲ ಕೊಡಬೇಕು ಅಂತ. 2025ರ ಮಾರ್ಚಿಗೆ ಅದರ ಅವಧಿ ಮುಗಿಯಿತು. ಒಂಬತ್ತು ವರ್ಷ ನಡೆದ ಯೋಜನೆ. ನಮ್ಮ ಹಾಸ್ಟೆಲಿನಲ್ಲಿ ಅದರ ಹೆಸರು ಕೇಳಿದವರು ಎಷ್ಟು ಜನ, ಕೈ ಎತ್ತಿ. (ಇಬ್ಬರು ಕೈ ಎತ್ತಿದರು.) ನೋಡಿದಿರಾ?

ಬಾಬಾಸಾಹೇಬರನ್ನು ನಾವು ಸಂವಿಧಾನದಿಂದ ಬಲ್ಲೆವು. ಅವರು ಮೊದಲು ಅರ್ಥಶಾಸ್ತ್ರಜ್ಞರು. ರೂಪಾಯಿಯ ಸಮಸ್ಯೆಯ ಬಗ್ಗೆ ಅವರ ಪುಸ್ತಕ ಲಂಡನ್ನಿನಲ್ಲಿ 1923ರಲ್ಲಿ ಅಚ್ಚಾಯಿತು. ಹಿಲ್ಟನ್ ಯಂಗ್ ಆಯೋಗದ ಮುಂದೆ ಕೂತು ಈ ದೇಶದ ನಾಣ್ಯ ವ್ಯವಸ್ಥೆಯ ಬಗ್ಗೆ ಸಾಕ್ಷ್ಯ ಹೇಳಿದರು. ರಿಸರ್ವ್ ಬ್ಯಾಂಕನ್ನು ಅವರೊಬ್ಬರೇ ಕಟ್ಟಿದರು ಅಂತ ಹೊಗಳಿ ಹಾರ ಹಾಕುವುದು ಬೇಡ. ದುಡ್ಡು ಹೇಗೆ ಹುಟ್ಟುತ್ತದೆ, ಯಾರ ಕೈಗೆ ಹೋಗುತ್ತದೆ ಅಂತ ಅವರು ಓದಿದರು. ನಾವೂ ಅದನ್ನು ಓದಬೇಕು.

ಮಾಡಬೇಕಾದ ಕೆಲಸ

ಒಂದು. ಬಾಯಲ್ಲಿ ಸಾಲ ಕೇಳಬೇಡಿ. ಬರೆದು ಕೇಳಿ, ಸ್ವೀಕೃತಿ ಪಡೆಯಿರಿ. ಬೇಡ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಅರ್ಜಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಎರಡು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಾಯಿರಿ. ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಿ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 14448 ನಂಬರಿಗೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಇಂಥವರಿಗೆ ಸಾಲ ಕೊಡು ಅಂತ ಅವರು ಆಜ್ಞೆ ಮಾಡುವುದಿಲ್ಲ. ನಿಯಮ ತಪ್ಪಿದ್ದಕ್ಕೆ, ಸತಾಯಿಸಿದ್ದಕ್ಕೆ ಉತ್ತರ ಕೇಳುತ್ತಾರೆ.

ಮೂರು. ಓದಿನ ಸಾಲಕ್ಕೆ 4 ಲಕ್ಷದ ತನಕ ಅಡಮಾನ ಕೇಳುವ ಹಾಗಿಲ್ಲ. ಸ್ಕಾಲರ್‌ಶಿಪ್ಪಿಗೆ ತೆರೆದ ಖಾತೆ ಎರಡು ವರ್ಷ ಆಡದೆ ಇದ್ದರೂ ಅದನ್ನು ನಿಷ್ಕ್ರಿಯ ಅಂತ ಮುಚ್ಚಿಡಬಾರದು ಅಂತ 2024ರ ಏಪ್ರಿಲ್‌ನಿಂದ ನಿಯಮ ಇದೆ. ಮೂಲ ಉಳಿತಾಯ ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲ ಅಂತ ದಂಡ ಹಾಕುವ ಹಾಗಿಲ್ಲ. ನಿಮ್ಮದು ಯಾವ ಖಾತೆ ಅಂತ ಇವತ್ತೇ ಪಾಸ್‌ಬುಕ್ ತೆಗೆದು ನೋಡಿ.

ನಾಲ್ಕು. ರಜೆಗೆ ಊರಿಗೆ ಹೋದಾಗ ಒಂದು ದಿನ ಕೇರಿಯ ಜಗಲಿಯಲ್ಲಿ ಕೂತು ಎಲ್ಲರ ಪಾಸ್‌ಬುಕ್ ಓದಿ ಹೇಳಿ. ಶಾಖೆಯಲ್ಲಿ ಕಸ ಗುಡಿಸುವ ಅಕ್ಕ ಒಬ್ಬರು ತಮ್ಮ ಪಾಸ್‌ಬುಕ್ ತಂದು, 'ಇದೇನಪ್ಪ, ವರ್ಷಾ ವರ್ಷಾ 436 ರೂಪಾಯಿ ಹಿಡ್ಕೊತಾರೆ, 20 ಹಿಡ್ಕೊತಾರೆ, ಏನು ದಂಡ?' ಅಂತ ಕೇಳಿದರು. ಅದು ದಂಡ ಅಲ್ಲ, ವಿಮೆ. 436 ರೂಪಾಯಿಯದು ಯಾವ ಕಾರಣಕ್ಕೆ ಸತ್ತರೂ ಮನೆಯವರಿಗೆ 2 ಲಕ್ಷ, 20 ರೂಪಾಯಿಯದು ಅಪಘಾತದಲ್ಲಿ ಸತ್ತರೆ 2 ಲಕ್ಷ. ಕಟ್ಟುವವರಿಗೇ ಗೊತ್ತಿಲ್ಲದಿದ್ದರೆ ಸತ್ತ ಮೇಲೆ ಕೇಳುವವರು ಯಾರು? ನಮ್ಮ ಜನ ತೀರಿಕೊಂಡವರ ಬಟ್ಟೆ ಜೊತೆ ಪಾಸ್‌ಬುಕ್ಕನ್ನೂ ಗಂಟು ಕಟ್ಟಿ ಇಡುತ್ತಾರೆ. ಆ ಗಂಟು ಬಿಚ್ಚಿಸಿ.

ಐದು. ನಮ್ಮ ನಿಮ್ಮೆಲ್ಲರ ಬೇಡಿಕೆ. ಬೇಸಿಗೆ ತರಬೇತಿಗೆ ಹೋಗುವ ವಿದ್ಯಾರ್ಥಿಗಳಿಗೆ ಆ ಊರಿನ ಹಾಸ್ಟೆಲು ತೆರೆದಿರಬೇಕು, ಊಟ ಇರಬೇಕು, ಬಸ್ ಚಾರ್ಜು ಸಿಗಬೇಕು. ತರಬೇತಿ ಕಡ್ಡಾಯ ಅಂತ ಮಾಡಿ ಸೂರು ಕೊಡದಿದ್ದರೆ, ಸೂರಿದ್ದವರಿಗೆ ಮಾತ್ರ ಕೆಲಸ ಅಂತ ಬರೆದ ಹಾಗೆ. ಇವತ್ತು ಈ ಶಿಬಿರದಿಂದ ಸಮಾಜ ಕಲ್ಯಾಣ ಇಲಾಖೆಗೆ ಈ ಮನವಿ ಹೋಗಬೇಕು. ಎರಡು ಪ್ರತಿ ಬರೆಯೋಣ. ಒಂದಕ್ಕೆ ಸೀಲು ಹಾಕಿಸೋಣ.

ಸರ್ಟಿಫಿಕೇಟಿನ ವಿಚಾರ ಕೆಲವರು ಆಗಲೇ ಪಿಸುಗುಡುತ್ತಿದ್ದೀರಿ. ಕೊಟ್ಟರು. 'ನಡತೆ: ತೃಪ್ತಿಕರ' ಅಂತ ಬರೆದಿದ್ದಾರೆ. ಉಳಿದ ಇಬ್ಬರು ಹುಡುಗರಿಗೆ 'ಅತ್ಯುತ್ತಮ' ಅಂತ ಇದೆ. ಆಗಲಿ. ನನ್ನ ನಡತೆ ಅವರಿಗೆ ಅತ್ಯುತ್ತಮ ಅನ್ನಿಸದಿದ್ದರೆ ಒಂದು ಅರ್ಜಿಗೆ ನಂಬರು ಬಿದ್ದಿದೆ ಅಂತ ಅರ್ಥ.

ಬರುವ ಬೇಸಿಗೆಗೆ ನಿಮ್ಮಲ್ಲಿ ಎಷ್ಟೋ ಜನ ಬ್ಯಾಂಕಿಗೆ, ಕಚೇರಿಗೆ, ಕಂಪನಿಗೆ ತರಬೇತಿಗೆ ಹೋಗುತ್ತೀರಿ. ಬಾಗಿಲ ಹತ್ತಿರ ನಿಂತವರಿಗೆ ಮೊದಲು ಕುರ್ಚಿ ತೋರಿಸಿ, ಆಮೇಲೆ ಕೆಲಸ ಕಲಿಯಿರಿ.

ಜೈ ಭೀಮ್.